ವಿಮಾನ ಬಿದ್ದ ಮೇಲೆ ಏನನ್ನು ಹುಡುಕುತ್ತಾರೆ?

ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ದೋಣಿ ಸಾಗಿದಾಗ ಅದರ ಹಿಂದೆ ನೀರು ಕದಡುವುದನ್ನು ನೀವು ನೋಡಿರಬಹುದು. ವಿಮಾನದ ಹಿಂದೆಯೂ ಹಾಗೆಯೇ. ರೆಕ್ಕೆಗಳ ತುದಿಯಿಂದ ಎರಡು ಗಾಳಿಯ ಸುಳಿಗಳು ಎದ್ದು ಕೆಲವು ನಿಮಿಷ ಉಳಿಯುತ್ತವೆ. ವಿಮಾನ ಭಾರವಾದಷ್ಟೂ ಸುಳಿಯ ಬಲ ಹೆಚ್ಚು. ಉಮ್ರಾಕ್ಕೋ ಗಲ್ಫಿಗೋ ಹೊರಟ ನಿಮ್ಮ ವಿಮಾನ ರನ್‌ವೇ ಬಳಿ ಸುಮ್ಮನೆ ನಿಂತಿದ್ದರೆ ಬೇಸರಪಡಬೇಡಿ. ಮುಂದೆ ಹೋದ ವಿಮಾನದ ಸುಳಿ ಅಡಗಲೆಂದು ಅದು ಕಾಯುತ್ತಿರಬಹುದು.

2001ರ ನವೆಂಬರ್ 12ರಂದು ನ್ಯೂಯಾರ್ಕಿನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಏರ್‌ಬಸ್ ವಿಮಾನವೊಂದು ಜಂಬೋ ಜೆಟ್‌ನ ಹಿಂದೆ ಹಾರಿ ಇಂಥ ಸುಳಿಗೆ ಸಿಕ್ಕಿತು. ಕ್ಷಣಗಳಲ್ಲಿ ಅದರ ಬಾಲದ ಭಾಗ ಕಳಚಿ, ವಿಮಾನ ಮನೆಗಳ ಮೇಲೆ ಬಿತ್ತು. 265 ಜನ ಪ್ರಾಣ ಕಳೆದುಕೊಂಡರು. ಸೆಪ್ಟೆಂಬರ್ ದಾಳಿ ನಡೆದು ಆಗ ಎರಡೇ ತಿಂಗಳಾಗಿತ್ತು. ಅನೇಕರ ಸಂಶಯ ಯಾರ ಕಡೆಗೆ ತಿರುಗಿತೆಂದು ನಿಮಗೆ ಹೇಳಬೇಕಿಲ್ಲ. ಆದರೆ ತನಿಖೆ ಸಂಶಯದ ಹಿಂದೆ ಹೋಗಲಿಲ್ಲ. ಕಪ್ಪುಪೆಟ್ಟಿಗೆಯನ್ನೂ ಮುರಿದ ಬಾಲವನ್ನೂ ಪರೀಕ್ಷಿಸಿ 2004ರಲ್ಲಿ ಸತ್ಯ ಹೇಳಿತು. ಸುಳಿಯಿಂದಲೇ ವಿಮಾನ ಮುರಿಯುತ್ತಿರಲಿಲ್ಲ. ಗಾಬರಿಯಲ್ಲಿ ಸಹಪೈಲಟ್ ಬಾಲದ ಚುಕ್ಕಾಣಿಯನ್ನು, ಅಂದರೆ ರಡ್ಡರನ್ನು, ಎಡಕ್ಕೂ ಬಲಕ್ಕೂ ಮತ್ತೆ ಮತ್ತೆ ಪೂರ್ತಿ ತಿರುಗಿಸಿದ್ದೇ ಕಾರಣ. ತಪ್ಪು ಅವರೊಬ್ಬರದೇ ಎಂದೂ ತನಿಖೆ ಕೈತೊಳೆದುಕೊಳ್ಳಲಿಲ್ಲ. ಅವರಿಗೆ ಸಿಕ್ಕ ತರಬೇತಿಯಲ್ಲೂ ರಡ್ಡರಿನ ವಿನ್ಯಾಸದಲ್ಲೂ ದೋಷವನ್ನು ಗುರುತಿಸಿತು.

ನಮ್ಮ ನಾಡಿನ ನೋವೂ ಇಂಥದೇ ಪಾಠ ಹೇಳುತ್ತದೆ. 2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ ಉಳಿದವರು ಎಂಟೇ ಮಂದಿ. ಕರಾವಳಿಯ, ಕಾಸರಗೋಡಿನ ಎಷ್ಟೋ ಮನೆಗಳ ದುಡಿಯುವ ಕೈಗಳು ಅಂದು ಇಲ್ಲವಾದವು. ಗುಡ್ಡದ ರನ್‌ವೇ ಮೇಲೆ ಹೊಣೆ ಹಾಕಿ ಸುಮ್ಮನಾಗಬಹುದಿತ್ತು. ಆದರೆ ಕಾಕ್‌ಪಿಟ್‌ನ ಧ್ವನಿಮುದ್ರಿಕೆ ಬೇರೆಯೇ ಕತೆ ಹೇಳಿತು. ದಾರಿಯಲ್ಲಿ ಬಹಳ ಹೊತ್ತು ನಿದ್ರಿಸಿದ್ದ ಕ್ಯಾಪ್ಟನ್ ವಿಮಾನವನ್ನು ತೀರಾ ಎತ್ತರದಿಂದ ಇಳಿಸತೊಡಗಿದ್ದರು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದರು. ಯಂತ್ರವೂ ಎಚ್ಚರಿಸಿತು. ಹಿರಿಯರು ಕೇಳಲಿಲ್ಲ.

ಅಪಘಾತ ತನಿಖೆಯ ಅಂತರರಾಷ್ಟ್ರೀಯ ನಿಯಮದ ಉದ್ದೇಶ ಯಾರನ್ನೋ ದೂಷಿಸುವುದಲ್ಲ, ಮುಂದಿನ ಅಪಘಾತವನ್ನು ತಪ್ಪಿಸುವುದು. ನಮ್ಮ ಮನೆಗಳಲ್ಲಿ ಏನಾದರೂ ಕೆಟ್ಟಾಗ ನಾವು ಮೊದಲು ಕೇಳುವ ಪ್ರಶ್ನೆ “ಯಾರು ಮಾಡಿದ್ದು?” ಎಂದಲ್ಲವೇ? “ಹೇಗಾಯಿತು?” ಎಂದು ಕೇಳಿ ನೋಡಿ. “ಅಮ್ಮೀ, ಇದು ತಪ್ಪು” ಎಂದು ಮಗು ಹೇಳಿದಾಗ, ಮೂರನೆಯ ಸಲ ಹೇಳುವವರೆಗೆ ಕಾಯಬೇಡಿ.