ಪಿತ್ತಜನಕಾಂಗದ ಕಸಿ ಮತ್ತು ಪ್ರತಿರಕ್ಷಾ ಚಿಕಿತ್ಸೆ: ನಡುವಣ ಅವಧಿಯ ಪ್ರಶ್ನೆ

ಪಿತ್ತಜನಕಾಂಗದ ಕ್ಯಾನ್ಸರಿಗೆ ಕಸಿಯು ಗೆಡ್ಡೆಯನ್ನಷ್ಟೇ ಅಲ್ಲ, ಅದು ಹುಟ್ಟಿದ ರೋಗಗ್ರಸ್ತ ಅಂಗವನ್ನೂ ತೆಗೆದುಹಾಕುವ ಚಿಕಿತ್ಸೆ. ಆದರೆ 1996ರಲ್ಲಿ ಇಟಲಿಯ ಮಜ್ಜಾಫೆರೊ ಮತ್ತು ಸಂಗಡಿಗರು ರೂಪಿಸಿದ ಮಿಲಾನ್ ಮಾನದಂಡದಂತೆ 5 ಸೆಂ.ಮೀ. ಮೀರದ ಒಂದು ಗೆಡ್ಡೆ ಅಥವಾ ತಲಾ 3 ಸೆಂ.ಮೀ. ಮೀರದ ಮೂರರವರೆಗಿನ ಗೆಡ್ಡೆಗಳು ಮಾತ್ರ ಇರಬೇಕು. ರೋಗವು ರಕ್ತನಾಳಗಳಿಗೆ ಹಬ್ಬಿರಬಾರದು. ಈ ಮಿತಿ ಮೀರಿದವರ ಗೆಡ್ಡೆಯನ್ನು ಕುಗ್ಗಿಸಿ ಕಸಿಗೆ ಅರ್ಹರಾಗಿಸಲು ಪ್ರತಿರಕ್ಷಾ ಔಷಧಿಗಳು ಬಳಕೆಗೆ ಬಂದಿವೆ.

ತೊಡಕು ಇರುವುದು ಇಲ್ಲಿಯೇ. ಟಿ-ಜೀವಕೋಶಗಳ ಮೇಲಿರುವ ಪಿ.ಡಿ.-1 ಎಂಬ ಪ್ರೋಟೀನು ಅವುಗಳ ಆವೇಗಕ್ಕೆ ಕಡಿವಾಣ. 1992ರಲ್ಲಿ ಜಪಾನಿನ ತಾಸುಕು ಹೊಂಜೊ ಅವರ ಪ್ರಯೋಗಾಲಯವು ಇದನ್ನು ಗುರುತಿಸಿತು. ಕ್ಯಾನ್ಸರ್ ಕೋಶಗಳು ಇದೇ ಕಡಿವಾಣವನ್ನು ಎಳೆದು ಪಾರಾಗುತ್ತವೆ. ನಿವೊಲುಮ್ಯಾಬ್‌ನಂತಹ ಔಷಧಿ ಅದನ್ನು ಸಡಿಲಿಸುತ್ತದೆ. ಕಸಿಮಾಡಿದ ಅಂಗವನ್ನು ದೇಹ ಸಹಿಸಿಕೊಳ್ಳುವುದಕ್ಕೂ ಈ ಕಡಿವಾಣವೇ ಒಂದು ಆಧಾರ. ಹೀಗಾಗಿ ಗೆಡ್ಡೆಯ ಮೇಲೆ ಹರಿಹಾಯುವ ಕೋಶಗಳು ದಾನಿಯ ಅಂಗದ ಮೇಲೂ ಎರಗಬಲ್ಲವು.

ನಿವೊಲುಮ್ಯಾಬ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 25 ದಿನ ಬೇಕು. 2020ರಲ್ಲಿ ಅಮೆರಿಕದಿಂದ ವರದಿಯಾದ ಪ್ರಕರಣವೊಂದರಲ್ಲಿ ಕೊನೆಯ ಔಷಧಿಯ 8 ದಿನಗಳ ಬಳಿಕ ಕಸಿ ನಡೆದು, ಹೊಸ ಅಂಗ ಕೊಳೆತು ರೋಗಿ ತೀರಿಕೊಂಡರು. ಮರುವರ್ಷ ನ್ಯೂಯಾರ್ಕಿನ ತಂಡವೊಂದು ಪ್ರಕಟಿಸಿದ 9 ರೋಗಿಗಳ ವಿವರದಲ್ಲಿ, ಹೆಚ್ಚಿನವರು ನಾಲ್ಕು ವಾರದೊಳಗೆ ಔಷಧಿ ಪಡೆದಿದ್ದರೂ ಯಾರೂ ಅಂಗ ಕಳೆದುಕೊಳ್ಳಲಿಲ್ಲ. ಒಂಬತ್ತರ ಸಮಾಧಾನ ಒಂದರ ದುರಂತವನ್ನು ಅಳಿಸಲಾರದು. ಈಚಿನ ವಿಶ್ಲೇಷಣೆಗಳು ಸುಮಾರು ಮೂರು ತಿಂಗಳ ಅಂತರದತ್ತ ಒಲಿದಿವೆ.

ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಹಂಚಿಕೆ 'ಜೀವಸಾರ್ಥಕತೆ'ಯ ಮೂಲಕ ನಡೆಯುತ್ತದೆ. ಪಟ್ಟಿಯಲ್ಲಿರುವ ಉತ್ತರ ಬೆಂಗಳೂರಿನ ಶೆಟ್ಟಿಹಳ್ಳಿಯ ರೋಗಿಗೆ ಕರೆ ಯಾವ ರಾತ್ರಿ ಬಂದೀತೆಂದು ವೈದ್ಯರೂ ಹೇಳಲಾರರು. ಅಂದಿಗೆ ಕೊನೆಯ ಔಷಧಿ ಎಷ್ಟು ಹಳೆಯದಾಗಿರುತ್ತದೆಂಬುದೂ ಕೈಮೀರಿದ ಸಂಗತಿ. ಮನೆಯವರೇ ದಾನಿಯಾದರೆ ದಿನವನ್ನು ಮೊದಲೇ ಗೊತ್ತುಮಾಡಬಹುದು. 1994ರ ಅಂಗಾಂಗ ಕಸಿ ಕಾಯಿದೆ ಸಮೀಪದ ಬಂಧುಗಳ ದಾನಕ್ಕೆ ಅವಕಾಶ ಕೊಡುತ್ತದೆ. ಭಾರತದಲ್ಲಿ ಪಿತ್ತಜನಕಾಂಗದ ಕಸಿಗಳಲ್ಲಿ ಬಹುಪಾಲು ಇಂಥವೇ. ಈ ಅನುಕೂಲಕ್ಕೂ ಬೆಲೆಯುಂಟು. ಔಷಧಿ ನಿಲ್ಲಿಸಿದ ತಿಂಗಳುಗಳಲ್ಲಿ ಗೆಡ್ಡೆ ಮತ್ತೆ ಚಿಗುರಬಹುದು. ತಿರಸ್ಕಾರ ಉಂಟಾದರೆ ತಂಗಿಯೋ ಮಗನೋ ತಮ್ಮ ದೇಹದಿಂದ ಕೊಟ್ಟ ಭಾಗವೇ ವ್ಯರ್ಥವಾಗುವುದು. ದಾನಿಯ ಒಪ್ಪಿಗೆ ಪಡೆಯುವಾಗ ಈ ಅಪಾಯವನ್ನು ಅವರಿಗೂ ಬಿಡಿಸಿ ಹೇಳಬೇಕಾಗುತ್ತದೆ.

ಕಸಿಯ ನಂತರ ರೋಗ ಮರುಕಳಿಸಿದಾಗ ಈ ಔಷಧಿ ಕೊಡುವುದು ಇನ್ನೂ ಕಠಿಣ. ವರದಿಯಾದವರಲ್ಲಿ ಸುಮಾರು ಕಾಲುಭಾಗದಷ್ಟು ಅಥವಾ ಅದಕ್ಕೂ ಹೆಚ್ಚು ಮಂದಿಯಲ್ಲಿ ತಿರಸ್ಕಾರ ಕಂಡುಬಂದಿದೆ. ಆದ್ದರಿಂದ ಬೇರೆ ದಾರಿಗಳು ಮುಗಿದ ಮೇಲಷ್ಟೇ ವೈದ್ಯರು ಇದಕ್ಕೆ ಕೈಹಾಕುತ್ತಾರೆ.