ಸತ್ಯವೇದ ರಸಪ್ರಶ್ನೆ: ಯುವಜನರ ಒಂದು ವ್ಯಾಸಂಗಕ್ರಮ

ಭಾನುವಾರದ ಆರಾಧನೆ ಮುಗಿದ ತರುವಾಯ, ಸಭೆಯ ತರುಣ ತರುಣಿಯರು ನಾಲ್ಕಾರು ತಂಡಗಳಾಗಿ ಕುಳಿತು, ಹಿರಿಯರೊಬ್ಬರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುವ ಪದ್ಧತಿಯು ನಮ್ಮ ನಾಡಿನ ಅನೇಕ ದೇವಾಲಯಗಳಲ್ಲಿ ರೂಢಿಯಲ್ಲಿದೆ. ಸತ್ಯವೇದ ರಸಪ್ರಶ್ನೆ ಎಂದೂ ಬೈಬಲ್ ಕ್ವಿಜ್ ಎಂದೂ ಕರೆಯಲ್ಪಡುವ ಈ ಕೂಟವು ಹೊರಗಿನಿಂದ ನೋಡುವವರಿಗೆ ಸ್ಮರಣಶಕ್ತಿಯ ಪಂದ್ಯವೆಂದು ತೋರಬಹುದಾದರೂ, ಪ್ರಶ್ನೆಯನ್ನು ರಚಿಸುವವರು ವಿವೇಕಿಗಳಾದಲ್ಲಿ, ಗ್ರಂಥವನ್ನು ಅವಧಾನದಿಂದ ಓದುವುದಕ್ಕೂ ಚರಿತ್ರೆಯನ್ನು ಕ್ರಮವಾಗಿ ತಿಳಿಯುವುದಕ್ಕೂ ಇದಕ್ಕಿಂತ ಸುಲಭವಾದ ಸಾಧನ ಮತ್ತೊಂದು ಸಿಕ್ಕುವುದು ವಿರಳ.

ಮೊದಲನೆಯ ಸುತ್ತು ಸಾಮಾನ್ಯವಾಗಿ ಗ್ರಂಥದ ರಚನೆಗೆ ಮೀಸಲು. ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ ಹಳೆಯ ಒಡಂಬಡಿಕೆಯ 39, ಹೊಸ ಒಡಂಬಡಿಕೆಯ 27, ಒಟ್ಟು 66 ಪುಸ್ತಕಗಳಿರುವುವು; ಕಥೋಲಿಕರ ಗಣನೆಯಲ್ಲಿ ಅವು 73. ಎರಡು ಸಂಪ್ರದಾಯಗಳ ಯುವಕರು ಒಟ್ಟಿಗೆ ಸೇರುವಲ್ಲಿ ಯಾವ ಗಣನೆಯನ್ನು ಅನುಸರಿಸಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳದಿದ್ದರೆ ವಾಗ್ವಾದವು ತಪ್ಪಿದ್ದಲ್ಲ. ಕೀರ್ತನೆಗಳಲ್ಲಿ 119ನೆಯದು 176 ವಚನಗಳಿಂದ ಅತಿ ದೀರ್ಘವಾದುದು, 117ನೆಯದು ಎರಡೇ ವಚನಗಳ ಅತಿ ಹ್ರಸ್ವವಾದುದು, ಮೆತೂಷೆಲಹನ ಆಯುಸ್ಸು 969 ವರ್ಷಗಳು—ಇವೆಲ್ಲ ಬಾಲಪಾಠಗಳು. ಆದರೆ ನಾವು ಇಷ್ಟು ನಿರಾಯಾಸವಾಗಿ ಹೇಳುವ ಅಧ್ಯಾಯ ವಚನಗಳ ವಿಂಗಡಣೆಯು ಮೂಲ ಲೇಖಕರದಲ್ಲವೆಂಬುದನ್ನು ಬಲ್ಲವರು ಕಡಮೆ. ಈಗಿನ ಅಧ್ಯಾಯವಿಭಾಗವು 13ನೆಯ ಶತಮಾನದಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ನನಿಂದ ಬಂದುದೆಂದು ಹೇಳುವರು. ಹೊಸ ಒಡಂಬಡಿಕೆಯ ವಚನಸಂಖ್ಯೆಗಳನ್ನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕನು 1551ರಲ್ಲಿ ಅಳವಡಿಸಿದನು.

ಪ್ರಶ್ನಕಾರನ ನಿಜವಾದ ಕೌಶಲವು, ಓದಿ ತಿಳಿದವನನ್ನೂ ಕೇಳಿ ತಿಳಿದವನನ್ನೂ ಬೇರ್ಪಡಿಸುವುದರಲ್ಲಿದೆ. ಶಿಶು ಯೇಸುವನ್ನು ನೋಡಬಂದ ಜ್ಞಾನಿಗಳು ಎಷ್ಟು ಮಂದಿ ಎಂದು ಕೇಳಿದೊಡನೆ, ಕ್ರಿಸ್ಮಸ್ ನಾಟಕಗಳನ್ನು ನೋಡಿ ಬೆಳೆದವರೆಲ್ಲ ಮೂವರೆಂದು ಹೇಳಿಬಿಡುವರು. ಮತ್ತಾಯನಾದರೋ ಚಿನ್ನ, ಧೂಪ, ರಕ್ತಬೋಳಗಳೆಂಬ ಮೂರು ಕಾಣಿಕೆಗಳನ್ನು ಹೆಸರಿಸುವನೇ ಹೊರತು ತಂದವರ ಸಂಖ್ಯೆಯನ್ನು ತಿಳಿಸುವುದಿಲ್ಲ. ಏದೆನಿನ ತೋಟದ ಹಣ್ಣು ಸೇಬೆಂದು ಆದಿಕಾಂಡವು ಹೇಳಿಲ್ಲ. ದಮಸ್ಕದ ದಾರಿಯಲ್ಲಿ ಸೌಲನು ನೆಲಕ್ಕೆ ಬಿದ್ದನೆಂದು ಅಪೊಸ್ತಲರ ಕೃತ್ಯಗಳಲ್ಲಿದೆಯಾಗಲಿ ಕುದುರೆಯ ಪ್ರಸ್ತಾಪವಿಲ್ಲ, ಅದು ಚಿತ್ರಕಾರರ ಕೊಡುಗೆ. ಇಂತಹ ಒಂದು ಪ್ರಶ್ನೆಯು ಹತ್ತು ಅಂಕಿಸಂಖ್ಯೆಗಳ ಪ್ರಶ್ನೆಗಳಿಗಿಂತ ಮಿಗಿಲು. ಏಕೆಂದರೆ ಸೋತವನು ಆ ರಾತ್ರಿಯೇ ಪುಸ್ತಕವನ್ನು ತೆರೆದು ನೋಡುವನು.

ಸಭಾಚರಿತ್ರೆಯ ಸುತ್ತಿನಲ್ಲಿ ಇಸವಿಗಳನ್ನು ಕಂಠಪಾಠ ಮಾಡಿಸುವುದಕ್ಕಿಂತ ಅವುಗಳ ಕಾರ್ಯಕಾರಣ ಸಂಬಂಧವನ್ನು ಕೇಳುವುದು ಲೇಸು. ಅಂತಿಯೋಕ್ಯದಲ್ಲಿ ಮೊದಲು ಕ್ರೈಸ್ತರೆಂಬ ಹೆಸರನ್ನು ಪಡೆದ ಶಿಷ್ಯರ ಸಮುದಾಯವು ರೋಮನ್ನರ ಹಿಂಸೆಯನ್ನು ಸಹಿಸಿ, 313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸೀನಿಯಸರ ಒಪ್ಪಂದದಿಂದ ಆರಾಧನೆಯ ಸ್ವಾತಂತ್ರ್ಯವನ್ನು ಹೊಂದಿದ ಮೇಲೆಯೇ, 325ರಲ್ಲಿ ನೈಸೀಯದ ಮಹಾಸಭೆಯು ಬಹಿರಂಗವಾಗಿ ನೆರೆದು ಕ್ರಿಸ್ತನ ಸ್ವರೂಪವನ್ನು ಕುರಿತ ಏರಿಯಸನ ವಾದವನ್ನು ವಿಚಾರಿಸಲು ಸಾಧ್ಯವಾಯಿತು. ಅಂತೆಯೇ 1517ರಲ್ಲಿ ಲೂಥರನು ಎತ್ತಿದ ಚರ್ಚೆಯು ಜರ್ಮನಿಯನ್ನೆಲ್ಲ ವ್ಯಾಪಿಸಿದುದು ಅಚ್ಚುಯಂತ್ರದ ಬಲದಿಂದ. ಭಾರತದ ವಿಷಯಕ್ಕೆ ಬಂದರೆ, ಸಂತ ತೋಮನು ಕೇರಳಕ್ಕೆ ಬಂದನೆಂಬುದು ಅಲ್ಲಿನ ಪ್ರಾಚೀನ ಸಭೆಗಳ ದೃಢವಾದ ಪರಂಪರೆ; ಮಿಷನರಿ ಸೀಗೆನ್‌ಬಾಲ್ಗನು 1706ರಲ್ಲಿ ತರಂಗಂಬಾಡಿಗೆ ಬಂದುದು ದಾಖಲೆಯ ಮಾತು. ಪರಂಪರೆಯನ್ನು ಪರಂಪರೆಯೆಂದೂ ದಾಖಲೆಯನ್ನು ದಾಖಲೆಯೆಂದೂ ಹೇಳುವ ಪ್ರಾಮಾಣಿಕತೆಯು ಪ್ರಶ್ನಕಾರನಿಗೆ ಅವಶ್ಯಕ.

ಇಷ್ಟಾದರೂ ನಮ್ಮ ಕೂಟಗಳಲ್ಲಿ ಬಹುಮಟ್ಟಿಗೆ ಉಪೇಕ್ಷಿತವಾಗಿರುವುದು ಕನ್ನಡನಾಡಿನ ಅಧ್ಯಾಯವೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು 1810ರಲ್ಲಿ ಬಳ್ಳಾರಿಯಲ್ಲಿ ನೆಲೆನಿಂತು ಬೈಬಲಿನ ಕನ್ನಡ ಭಾಷಾಂತರಕ್ಕೆ ತೊಡಗಿದನು. ಅವನ ಸಹೋದ್ಯೋಗಿ ವಿಲಿಯಂ ರೀವನ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿಗೆ ಬಂದರು. 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವು ಆರಂಭವಾಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗನು ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹಾಡಿದ ಫರ್ಡಿನಾಂಡ್ ಕಿಟ್ಟೆಲನೇ ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ಮಹಾನಿಘಂಟನ್ನು ಪ್ರಕಟಿಸಿದನು. ಈ ಕಾರ್ಯಗಳ ಹಿಂದೆ ಅವರಿಗೆ ಭಾಷೆಯನ್ನು ಕಲಿಸಿದ ದೇಶೀಯ ಪಂಡಿತರ ಶ್ರಮವೂ ಇದ್ದಿತೆಂಬುದನ್ನು ಮರೆಯಲಾಗದು. ಈ ಭಾಗವನ್ನು ಅರಿಯದ ಕ್ರೈಸ್ತ ಯುವಕನಿಗೆ ತನ್ನ ಸಭೆಯ ಕಥೆಯು ಅರ್ಧ ಮಾತ್ರ ತಿಳಿದಂತೆ; ಕನ್ನಡ ಸಾಹಿತ್ಯದ ವಿದ್ಯಾರ್ಥಿಗೂ ಇದೇ ಮಾತು ಅನ್ವಯಿಸುವುದು.

ಆದಕಾರಣ ಯುವಜನ ಸಂಘಗಳ ಮುಖಂಡರಲ್ಲಿ ಒಂದು ವಿಜ್ಞಾಪನೆ. ಮುಂದಿನ ಸ್ಪರ್ಧೆಯಲ್ಲಿ ಒಂದು ಸುತ್ತನ್ನು ತಮ್ಮ ಊರಿನ ದೇವಾಲಯದ ಚರಿತ್ರೆಗೆ ಮೀಸಲಿಡಿರಿ. ಅಸ್ತಿಭಾರದ ಶಿಲಾಲೇಖವನ್ನೂ ಹಳೆಯ ಸಮಾಧಿಗಳ ಬರಹವನ್ನೂ ದೀಕ್ಷಾಸ್ನಾನದ ದಫ್ತರವನ್ನೂ ಸಭಾಪಾಲಕರ ಅನುಮತಿಯಿಂದ ಯುವಕರೇ ನೋಡಿ ಪ್ರಶ್ನೆಗಳನ್ನು ರಚಿಸಲಿ. ಕಡೆಯ ಸುತ್ತಿನಲ್ಲಿ ಸತ್ಯವೇದವನ್ನು ಕೈಯಲ್ಲಿ ತೆರೆದುಕೊಂಡೇ ಉತ್ತರ ಹುಡುಕುವ ಅವಕಾಶವಿರಲಿ. ಓದುವ ಅಭ್ಯಾಸವನ್ನು ಬೆಳೆಸುವ ಸ್ಪರ್ಧೆಯೇ ಉತ್ತಮವಾದ ಸ್ಪರ್ಧೆ.