44,100ರ ಹಿಂದಿನ ವಿಡಿಯೊ ಟೇಪು

ಮನೆಯ ಕೋಣೆಯಲ್ಲಿ ರೆಕಾರ್ಡ್ ಮಾಡಿದ ಹಾಡುಗಳನ್ನು ಸಿ.ಡಿ. ಮಾಡಿಸಲು ಹೊರಟವರಿಗೆ ಕಾರ್ಖಾನೆ ಹಾಕುವ ಮೊದಲ ಷರತ್ತು: ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದಕ್ಕೆ 16 ಬಿಟ್. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಸಾವಿರ ಹರ್ಟ್ಸ್. ಅದನ್ನು ಹಿಡಿದಿಡಲು ಅದರ ಇಮ್ಮಡಿಗಿಂತ, ಅಂದರೆ 40 ಸಾವಿರಕ್ಕಿಂತ, ತುಸು ಹೆಚ್ಚು ಸ್ಯಾಂಪಲ್ ಇದ್ದರೆ ಆಯಿತು. ಮತ್ತೆ ಈ ನಾಲ್ಕು ಸಾವಿರದ ನೂರರ ಬಾಲ ಎಲ್ಲಿಯದು?

ಟಿ.ವಿ.ಯದು. 1970ರ ದಶಕದ ಕೊನೆಯಲ್ಲಿ ಡಿಜಿಟಲ್ ಧ್ವನಿಯ ಅಷ್ಟೊಂದು ಮಾಹಿತಿಯನ್ನು ತಾಳಿಕೊಳ್ಳಬಲ್ಲ, ಕೈಗೆ ಸಿಗುವಂಥ ವಸ್ತು ಎಂದರೆ ವಿಡಿಯೊ ಟೇಪು. ಸೋನಿಯ ಪಿಸಿಎಂ-1600 ಯಂತ್ರ ಧ್ವನಿಯನ್ನು ಕಪ್ಪು-ಬಿಳಿ ಚುಕ್ಕೆಗಳ ಚಿತ್ರವಾಗಿಸಿ ಯು-ಮ್ಯಾಟಿಕ್ ವಿಡಿಯೊ ಕ್ಯಾಸೆಟ್ಟಿಗೆ ಇಳಿಸುತ್ತಿತ್ತು. ಜಪಾನ್, ಅಮೆರಿಕಗಳ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 60 ಫೀಲ್ಡ್ (ಅರ್ಧಚಿತ್ರ), ಫೀಲ್ಡಿಗೆ ಬಳಕೆಯಾಗುವ ಗೆರೆ 245, ಗೆರೆಗೆ 3 ಸ್ಯಾಂಪಲ್. ಗುಣಿಸಿ ನೋಡಿ: 44,100. ಯುರೋಪಿನಲ್ಲಿ 50 ಫೀಲ್ಡ್, 294 ಗೆರೆ, ಅದೇ 3. ಅಲ್ಲೂ 44,100! ಎರಡೂ ಕಡೆಯ ಯಂತ್ರಗಳಿಗೆ ಒಗ್ಗಿದ ಈ ಸಂಖ್ಯೆಯೇ ಫಿಲಿಪ್ಸ್ ಮತ್ತು ಸೋನಿ 1980ರಲ್ಲಿ ರೂಪಿಸಿದ ‘ರೆಡ್ ಬುಕ್’ ನಿಯಮಾವಳಿಗೆ ಸೇರಿತು. 1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಸಿ.ಡಿ. ಮಾರಾಟ ಶುರುವಾಯಿತು.

ಕಾರ್ಖಾನೆಗೆ ಕಳಿಸುವ ಮೂಲಪ್ರತಿ, ಅಂದರೆ ಮಾಸ್ಟರ್, ಆ ಕಾಲದಲ್ಲಿ ಅದೇ ಯು-ಮ್ಯಾಟಿಕ್ ಟೇಪು. ಯಾವ ಹಾಡು ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂಬ ‘ಪಿಕ್ಯೂ’ ಸಂಕೇತಗಳೂ ಅದರಲ್ಲೇ. ಮನೆಯಲ್ಲಿ ರೆಕಾರ್ಡ್ ಮಾಡುವವನಿಗೆ ಈ ಅಂಗಳಕ್ಕೆ ಪ್ರವೇಶವೇ ಇರಲಿಲ್ಲ. 1987ರಲ್ಲಿ ಡ್ಯಾಟ್ (ಡಿಜಿಟಲ್ ಆಡಿಯೊ ಟೇಪು) ಬಂದು ಬಾಗಿಲು ಅರ್ಧ ತೆರೆಯಿತು. ಆದರೆ ಸಿ.ಡಿ. ನಕಲಾದೀತೆಂಬ ಭಯಕ್ಕೆ ಮನೆಬಳಕೆಯ ಮೊದಲ ಡ್ಯಾಟ್‌ಗಳು ಮೈಕಿನಿಂದ ಬಂದದ್ದನ್ನು 48 ಸಾವಿರದಲ್ಲೇ ಹಿಡಿಯುತ್ತಿದ್ದವು. ಪ್ರಾಮಾಣಿಕನಿಗೂ ಸ್ಯಾಂಪಲ್ ದರ ಬದಲಿಸುವ ಕೆಲಸ ಗಂಟುಬಿತ್ತು.

1990ರ ದಶಕದ ನಡುವೆ ಸಿ.ಡಿ. ಬರೆಯುವ ಡ್ರೈವ್‌ನ ಬೆಲೆ ಸಾವಿರ ಡಾಲರ್‌ಗಿಂತ ಕೆಳಗಿಳಿದದ್ದೇ ತಡ, ಮನೆಮನೆಯಲ್ಲೂ ಮಾಸ್ಟರ್ ಹುಟ್ಟತೊಡಗಿತು, ಕಾರ್ಖಾನೆಯ ತಲೆನೋವೂ. ಅಲ್ಲಿ ಗಾಜಿನ ತಟ್ಟೆಗೆ ಬೆಳಕಿಗೆ ಸ್ಪಂದಿಸುವ ಲೇಪ ಬಳಿದು, ಲೇಸರ್‌ನಿಂದ ಒಳಗಿನಿಂದ ಹೊರಗೆ ಸುರುಳಿ ಬರೆಯುತ್ತಾರೆ. ಅದರಿಂದ ನಿಕ್ಕಲ್ ಅಚ್ಚು, ಅಚ್ಚಿನಿಂದ ಪಾಲಿಕಾರ್ಬೊನೇಟ್ ತಟ್ಟೆಗಳು. ಆ ಸುರುಳಿ ಕೈ ಎತ್ತದೆ ಎಳೆದ ರಂಗೋಲಿಯ ಎಳೆಯಂತಿರಬೇಕು. ಮನೆಯ ಡ್ರೈವ್ ಒಂದೊಂದೇ ಟ್ರ್ಯಾಕ್ ಬರೆದು ನಡುನಡುವೆ ಲೇಸರ್ ಆರಿಸುತ್ತಿತ್ತು. ಕೇಳುವವರಿಗೆ ಅದು ಬರೀ ಎರಡು ಸೆಕೆಂಡಿನ ಮೌನ. ಕಾರ್ಖಾನೆಯ ಯಂತ್ರಕ್ಕೆ ತಿದ್ದಲಾಗದ ದೋಷ. ‘ಇಡೀ ಡಿಸ್ಕ್ ಒಂದೇ ಉಸಿರಿಗೆ ಬರೆಯಿರಿ’ ಎಂಬ ತಾಕೀತಿನ ಮೂಲ ಈ ತಲೆನೋವಿನಲ್ಲಿದೆ.

ಇನ್ನೊಂದು ಸೂಕ್ಷ್ಮವಿದೆ. ಸಿ.ಡಿ.ಯ ಒಂದು ಸೆಕೆಂಡು 75 ಫ್ರೇಮ್‌ಗಳು, ಫ್ರೇಮಿಗೆ 588 ಸ್ಯಾಂಪಲ್. ಟ್ರ್ಯಾಕ್ ಶುರುವಾಗುವುದು ಫ್ರೇಮಿನ ಗಡಿಯಲ್ಲೇ. ಆಲಾಪ ಮುಗಿದು ತಬಲಾ ಸೇರುವಲ್ಲಿ ತಂಬೂರಿ ನಿಂತಿರುವುದಿಲ್ಲ. ಅಲ್ಲಿ ಗಡಿ ನೋಡದೆ ಕತ್ತರಿಸಿದರೆ ಸಾಫ್ಟ್‌ವೇರ್ ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. ಶ್ರುತಿಯ ನಡುವೆ ‘ಟಕ್’ ಎನ್ನುತ್ತದೆ. ಪಾಪ, ಗಾಯಕರ ತಪ್ಪೇನೂ ಇಲ್ಲ.

ಈ ರಗಳೆಗೆಲ್ಲ ಮದ್ದು ಬಹಳ ಹಿಂದೆಯೇ ಸಿದ್ಧವಿತ್ತು. ಅಮೆರಿಕದ ಒಕ್ಲಹೋಮದ ಡಗ್ ಕಾರ್ಸನ್ ಅಸೋಸಿಯೇಟ್ಸ್ 1980ರ ದಶಕದ ಕೊನೆಯಲ್ಲಿ ರೂಪಿಸಿದ ಡಿಡಿಪಿ ಎಂಬ ಮಾಸ್ಟರ್ ನಮೂನೆ ಮೊದಲು ಎಂಟು ಮಿಲಿಮೀಟರ್ ಡೇಟಾ ಟೇಪಿನಲ್ಲಿ ಓಡಾಡುತ್ತಿತ್ತು. ಈಗ ಅದು ಕೆಲವೇ ಫೈಲ್‌ಗಳಿರುವ ಫೋಲ್ಡರ್: ಒಂದರಲ್ಲಿ ಧ್ವನಿ, ಮತ್ತೊಂದರಲ್ಲಿ ಟ್ರ್ಯಾಕ್‌ಗಳ ನಕ್ಷೆ. ಜೊತೆಗೆ ಕಳಿಸುವ ಚೆಕ್‌ಸಮ್ಮಿನಿಂದ ದಾರಿಯಲ್ಲಿ ಒಂದು ಬಿಟ್ ಕೆಟ್ಟರೂ ಗೊತ್ತಾಗುತ್ತದೆ. ಹಾಡುಗಳ ಕ್ರಮ ಅದಲುಬದಲಾಗಿದ್ದರೆ, ಗಾಯಕಿಯ ಹೆಸರಿನ ಕಾಗುಣಿತ ಕೆಟ್ಟಿದ್ದರೆ ಚೆಕ್‌ಸಮ್ ತುಟಿಪಿಟಕ್ಕೆನ್ನುವುದಿಲ್ಲ. ಅದಕ್ಕೇ ಒಪ್ಪಿಗೆ ಕೊಡುವ ಮೊದಲು ಡಿಡಿಪಿ ಪ್ಲೇಯರ್‌ನಲ್ಲಿ ಹಾಕಿ, ಹೆಡ್‌ಫೋನ್ ಸಿಕ್ಕಿಸಿಕೊಂಡು, ಹಾಡುಗಳ ನಡುವಿನ ಖಾಲಿಯನ್ನೂ ಓಡಿಸದೆ ಪೂರ್ತಿ ಕೇಳಬೇಕು.